ಅಪ್‌ಡೇಟ್: ತೀರ್ಥಹಳ್ಳಿಯ ತೋಟಕ್ಕೆ ಕ್ರಾಲರ್ ಬಂತು

ಅಡಿಕೆ ತೋಟ, ಹಳ್ಳದ ಕಲ್ಲು, ಜಂಬಿಟ್ಟಿಗೆ ಧರೆ, ಎಲ್ಲದಕ್ಕೂ ಯಾವ ಆರ್‌ಸಿ ಗಾಡಿ (ರಿಮೋಟ್‌ನಿಂದ ಓಡಿಸುವ ಪುಟ್ಟ ಗಾಡಿ) ಸರಿ ಅಂತ ಹಿಂದೆ ಕೇಳಿದ್ದೆ. ನಿಜವಾದ ಗಾಡಿಯ 1/10 ಅಳತೆಯ ಕ್ರಾಲರ್, ಅಂದರೆ ಕಲ್ಲು-ದಿಣ್ಣೆಗಳನ್ನು ನಿಧಾನವಾಗಿ ಹತ್ತುವ ಗಾಡಿ, ಟ್ರಾಕ್ಸಾಸ್ ಕಂಪನಿಯ ಟಿಆರ್‌ಎಕ್ಸ್-4 ತೆಗೆದುಕೊಂಡೆ. ವೇಗವಾಗಿ ಓಡುವ ‘ಬಗ್ಗಿ’ ಮಾದರಿಯ ಗಾಡಿ ಓಡಿಸಲು ನಮ್ಮ ಕಡೆ ಬಯಲೆಲ್ಲಿದೆ, ಅಲ್ವಾ?

ಪೋರ್ಟಲ್ ಆಕ್ಸಲ್ (ಚಕ್ರದ ನಡುಮಟ್ಟಕ್ಕಿಂತ ಮೇಲೆ ಕೂರುವ ಅಚ್ಚು) ಇರುವುದರಿಂದ ಡಿಫರೆನ್ಷಿಯಲ್ (ಎಡ-ಬಲ ಚಕ್ರಗಳನ್ನು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರ್) ನೆಲದಿಂದ ಮೇಲಿರುತ್ತದೆ, ಬೇರಿಗೆ ತಾಗುವುದು ಕಡಿಮೆ. ಹಳ್ಳದಲ್ಲಿ ಒಂದು ಚಕ್ರ ಗಾಳಿಯಲ್ಲಿದ್ದರೂ ರಿಮೋಟ್‌ನಿಂದಲೇ ಡಿಫರೆನ್ಷಿಯಲ್ ಲಾಕ್ ಮಾಡಿದರೆ ಎರಡೂ ಕಡೆಯ ಚಕ್ರ ಒಟ್ಟಿಗೇ ತಿರುಗಿ, ಉಳಿದ ಚಕ್ರಗಳು ಎಳೆಯುತ್ತವೆ. ಇದೊಂದಕ್ಕೇ ಜಾಸ್ತಿ ದುಡ್ಡು ಕೊಡಬಹುದು.

ಮಳೆಗಾಲದ ಜಿಗುಟು ಕೆಸರಿಗೆ ಮಾತ್ರ ಬಟನ್ (ಟೈರ್ ಮೇಲಿನ ಉಬ್ಬು) ದೂರ ದೂರ ಇರುವ ಟೈರ್ ಬೇಕು. ಇಲ್ಲದಿದ್ದರೆ ಮಣ್ಣು ತುಂಬಿಕೊಂಡು ಚಕ್ರ ಸುಮ್ನೆ ತಿರುಗುತ್ತದೆ. ಎಲೆಕ್ಟ್ರಾನಿಕ್ಸ್‌ಗೆ ನೀರು ತಾಗಿದರೂ ತೊಂದರೆಯಿಲ್ಲ, ಆದರೆ ಬೇರಿಂಗ್ ತುಕ್ಕು ಹಿಡಿಯುತ್ತದೆ. ಹಳ್ಳಕ್ಕಿಳಿದ ದಿನ ಒಣಗಿಸಿ ಎಣ್ಣೆ ಹಾಕುತ್ತೇನೆ.

ಕ್ರಾಲರ್ ಕೊಳ್ಳಿ ಎಂದವರಿಗೆ ತುಂಬಾ ಥ್ಯಾಂಕ್ಸ್.