ಕಾಲೇಜ್ ಪತ್ರಿಕೆ ಜವಾಬ್ದಾರಿ ನನಗೆ ಬಂದಿದೆ, ದಾರಿ ತೋರಿಸೋರು ಯಾರಾದ್ರೂ ಇದ್ದೀರಾ?

ಕನ್ನಡಮೇಷ್ಟ್ರು_ಹಾಸನ

ಎಲ್ರಿಗೂ ನಮಸ್ಕಾರ. ಹಾಸನ ಕಡೆ ಒಂದು ಡಿಗ್ರಿ ಕಾಲೇಜಲ್ಲಿ ಕನ್ನಡ ಪಾಠ ಮಾಡ್ತೀನಿ. ನಮ್ಮಲ್ಲಿ ಪತ್ರಿಕೋದ್ಯಮ ಸಬ್ಜೆಕ್ಟ್ ಇಲ್ಲ, ಭಿತ್ತಿಪತ್ರಿಕೆ ಮಾತ್ರ ಇತ್ತು, ಈ ವರ್ಷ ಹುಡುಗ್ರೇ ಬಂದು ತಿಂಗಳಿಗೊಂದು ನಾಲ್ಕು ಪುಟದ ಪತ್ರಿಕೆ ತರೋಣ ಸರ್ ಅಂದ್ರು, ಕನ್ನಡ ಮೇಷ್ಟ್ರು ತಾನೇ ನೀವೇ ನೋಡ್ಕೊಳ್ಳಿ ಅಂತ ಪ್ರಿನ್ಸಿಪಾಲರು ನನಗೇ ಒಪ್ಪಿಸಿದ್ರು. ಕವನ, ಪ್ರಬಂಧ ತಿದ್ದೋದು ಬರುತ್ತೆ, ಸುದ್ದಿ ತಿದ್ದೋದು ಬೇರೆನೇ ವಿದ್ಯೆ.

ಸೆಕೆಂಡ್ ಇಯರ್ ಹುಡುಗಿಯೊಬ್ಳು ಹಾಸ್ಟೆಲ್ ನೀರಿನ ಬಗ್ಗೆ ಬರೆದಿದಾಳೆ. ನಲ್ಲಿ ಎಷ್ಟೊತ್ತಿಗೆ ಬರುತ್ತೆ ಎಷ್ಟೊತ್ತಿಗೆ ನಿಲ್ಲುತ್ತೆ ಅಂತ ವಾರವಿಡೀ ಬರೆದಿಟ್ಕೊಂಡು, ವಾರ್ಡನ್ ಮಾತೂ ಸೇರಿಸಿದಾಳೆ. ಓದಿ ಹೆಮ್ಮೆ ಆಯ್ತು. ಆದ್ರೆ ಮೇಲಿನವರು ಕಾಲೇಜಿನ ಹೆಸರು ಕೆಡುತ್ತೆ, ತೆಗೀರಿ ಅಂತಿದಾರೆ. ಇಂಥ ಹೊತ್ತಲ್ಲಿ ಮೇಷ್ಟ್ರಾದವನು ಎಲ್ಲಿ ನಿಲ್ಲಬೇಕು? ನಮ್ಮಂಥವರಿಗೆ ಟ್ರೇನಿಂಗು, ಪುಸ್ತಕ, ಕಾನೂನು ಮಾಹಿತಿ ಎಲ್ಲಾದ್ರೂ ಸಿಗುತ್ತಾ?

ಲ್ಯಾಬ್‌ಜರ್ನಲ್_ಮೇಡಂ

ಸರ್, ಮೊದ್ಲು ಆ ಹುಡುಗಿಗೆ ನನ್ನ ಕಡೆಯಿಂದ ಶಭಾಷ್ ಹೇಳಿ. ಮಂಗಳೂರು ಕಡೆ ಪತ್ರಿಕೋದ್ಯಮ ವಿಭಾಗದಲ್ಲಿದೀನಿ, ನಮ್ಮಲ್ಲಿ ಲ್ಯಾಬ್ ಜರ್ನಲ್ (ಹುಡುಗ್ರು ಅಭ್ಯಾಸಕ್ಕೆ ಅಂತ ತರೋ ಪತ್ರಿಕೆ) ಸಿಲೆಬಸ್‌ನಲ್ಲೇ ಇರೋದ್ರಿಂದ ಒಂದಿಷ್ಟು ರಕ್ಷಣೆ ಇದೆ, ನಿಮಗದಿಲ್ಲ. ಹಾಗಾಗಿ ಒಂದು ಪುಟದ ನಿಯಮಾವಳಿ ಬರೆದು ಪ್ರಿನ್ಸಿಪಾಲರ ಸಹಿ ಹಾಕಿಸಿಕೊಳ್ಳಿ, ಜಗಳ ಇಲ್ಲದ ಹೊತ್ತಲ್ಲಿ. ಸಂಪಾದಕರು ವಿದ್ಯಾರ್ಥಿಗಳೇ, ಯಾವ ಸುದ್ದಿ ಹೋಗಬೇಕು ಅನ್ನೋದು ಅವರ ತೀರ್ಮಾನ, ಯಾರ ಮೇಲೆ ದೂರು ಇದೆಯೋ ಅವರ ಮಾತು ಅದೇ ಸುದ್ದಿಯಲ್ಲಿ ಬರಲೇಬೇಕು, ತಪ್ಪು ಅಚ್ಚಾದ್ರೆ ಮುಂದಿನ ಸಂಚಿಕೆಯಲ್ಲಿ ತಿದ್ದುಪಡಿ. ಇಷ್ಟಿದ್ರೆ ಸಾಕು. ಪ್ರೆಸ್ ಕೌನ್ಸಿಲ್ ಆಫ್ ಇಂಡಿಯಾದವರ ಪತ್ರಕರ್ತರ ನಡವಳಿಕೆ ನಿಯಮಗಳು ಅವರ ವೆಬ್‌ಸೈಟಲ್ಲಿ ಫ್ರೀ ಇವೆ, ಅದನ್ನೇ ಆಧಾರ ಅಂತ ಬರೆದ್ರೆ ಮೇಲಿನವರೂ ಸುಲಭಕ್ಕೆ ತಳ್ಳಿಹಾಕೋಕಾಗಲ್ಲ.

ಕಾನೂನಲ್ಲಿ ಎರಡು ವಿಷಯ ಗಟ್ಟಿ ನೆನಪಿಟ್ಕೊಳ್ಳಿ. ಹದಿನೆಂಟರೊಳಗಿನ ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ ಪ್ರಕರಣದಲ್ಲಿ ಹೆಸರು, ಫೋಟೋ, ಸ್ಕೂಲು, ಊರು ಯಾವುದರಿಂದಲೂ ಗುರುತು ಸಿಗಬಾರದು, 2012ರ ಪೋಕ್ಸೋ ಕಾಯ್ದೆ 23ನೇ ಸೆಕ್ಷನ್. ಇನ್ನೊಂದು ಪತ್ರಿಕೆಯ ನೋಂದಣಿ. 1867ರ ಹಳೇ ಕಾಯ್ದೆ ಹೋಗಿ 2024ರ ಮಾರ್ಚ್ 1ರಿಂದ ಹೊಸದು ಜಾರಿಯಲ್ಲಿದೆ, ಹೊರಗೆ ಮಾರೋ ಯೋಚನೆ ಇದ್ರೆ ಮೊದ್ಲೇ ವಿಚಾರಿಸಿ. ಒಳಗೆ ಹಂಚೋ ಪತ್ರಿಕೆಗೆ ಕಾಲೇಜುಗಳು ಸಾಮಾನ್ಯವಾಗಿ 'ಖಾಸಗಿ ಪ್ರಸಾರಕ್ಕೆ ಮಾತ್ರ' ಅಂತ ಅಚ್ಚು ಹಾಕಿಸ್ತಾರೆ. ಆಮೇಲೆ ಪುಟ ರೆಡಿಯಾದ್ಮೇಲೆ ಪ್ರಿನ್ಸಿಪಾಲರಿಗೆ ಒಂದು ಪ್ರತಿ ಮುಂಚೆ ತೋರಿಸಿಬಿಡಿ, ಬೆಳಿಗ್ಗೆ ಯಾರೋ ಫೋನ್ ಮಾಡಿ ಹೇಳಿ ಅವರಿಗೆ ಗೊತ್ತಾಗೋ ಹಾಗಾಗಬಾರದು.

ಡೆಸ್ಕ್_ರಾತ್ರಿಪಾಳಿ

ದಿನಪತ್ರಿಕೆ ಡೆಸ್ಕಲ್ಲಿ ಇದೀನಿ, ತಿದ್ದೋ ವಿಷಯ ಮಾತ್ರ ಹೇಳ್ತೀನಿ. ಮೇಷ್ಟ್ರೇ, ನೀವು ಪೆನ್ ಹಿಡಿದು ಪೂರ್ತಿ ಬರೆದುಕೊಡಬೇಡಿ, ಅಂಚಲ್ಲಿ ಪ್ರಶ್ನೆ ಬರೀರಿ. ಯಾರು ಹೇಳಿದ್ದು? ನೀನೇ ನೋಡಿದ್ಯಾ? ಎಷ್ಟು ರೂಮು? ಹುಡುಗ್ರು ಶುರು ಮಾಡೋದೇ 'ಹಾಸ್ಟೆಲ್‌ನಲ್ಲಿ ನೀರಿನ ಸಮಸ್ಯೆ ತಾಂಡವವಾಡುತ್ತಿದೆ' ಅಂತ, ಅದರಲ್ಲಿ ಓದುಗನಿಗೆ ಏನೂ ಗೊತ್ತಾಗಲ್ಲ. ಅದೇ 'ಬೆಳಿಗ್ಗೆ ಆರೂವರೆಗೆ ನಿಂತ ನಲ್ಲಿಯಲ್ಲಿ ಮತ್ತೆ ನೀರು ಬಂದದ್ದು ಸಂಜೆ ಐದಕ್ಕೆ' ಅಂತ ಬರೆದ್ರೆ ಯಾರ ಮೇಲೂ ಆರೋಪ ಇಲ್ಲ, ಆದ್ರೂ ಯಾರೂ ಅಲ್ಲಗಳೆಯೋಕಾಗಲ್ಲ. ಆ ಹುಡುಗಿ ಬರೆದಿಟ್ಟ ಟೈಮ್ ಪಟ್ಟಿ ಇದ್ಯಲ್ಲ, ಅದನ್ನ ಬಾಕ್ಸ್ ಮಾಡಿ ಹಾಕಿ, ಅದೇ ಸುದ್ದಿಯ ಜೀವ. ಹಾಸ್ಟೆಲ್ ಸರ್ಕಾರದ್ದಾದ್ರೆ ಮಾಹಿತಿ ಹಕ್ಕಿನಲ್ಲಿ ಹತ್ತು ರೂಪಾಯಿ ಶುಲ್ಕ ಕಟ್ಟಿ ನೀರಿನ ಖರ್ಚಿನ ಲೆಕ್ಕ ಕೇಳ್ಬಹುದು, ಉತ್ತರಕ್ಕೆ 30 ದಿನ ಟೈಮ್ ಇರುತ್ತೆ, ಅರ್ಜಿ ಬರೆಯೋದು ಹುಡುಗ್ರಿಗೂ ಒಳ್ಳೇ ಪಾಠ.

ನಿಮ್ಮ ಜಿಲ್ಲೆಯ ಕಾರ್ಯನಿರತ ಪತ್ರಕರ್ತರ ಸಂಘದಲ್ಲಿ ಕೇಳಿ, ಯಾರಾದ್ರೂ ಒಬ್ಬರು ಶನಿವಾರ ಬಂದು ಕೂತ್ಕೋತಾರೆ. ಬೆಂಗಳೂರಲ್ಲಿ ಕರ್ನಾಟಕ ಮಾಧ್ಯಮ ಅಕಾಡೆಮಿ ಇದೆ, ಅಲ್ಲಿಗೂ ಕಾಲೇಜ್ ಲೆಟರ್‌ಹೆಡ್‌ನಲ್ಲಿ ಕಾರ್ಯಾಗಾರ ಬೇಕು ಅಂತ ಬರೀರಿ. ಜುಲೈ 1 ಪತ್ರಿಕಾ ದಿನ, 1843ರಲ್ಲಿ ಮಂಗಳೂರು ಸಮಾಚಾರ ಶುರುವಾದ ದಿನ, ಆ ನೆಪದಲ್ಲಿ ಕರೆದ್ರೆ ಜನ ಬರ್ತಾರೆ.

ಫ್ರೀಮಾಂಟ್_ಟೀಚರ್

ನಾನು ಕ್ಯಾಲಿಫೋರ್ನಿಯಾದಲ್ಲಿ ಹೈಸ್ಕೂಲ್ ಟೀಚರು, ಸ್ಕೂಲ್ ಪೇಪರ್ ನೋಡ್ಕೊಳ್ತೀನಿ. ಮುಂಚೆ ತೋರಿಸಿ ಅಂದ ಮೇಡಂ ಮಾತು ನನಗೆ ಒಪ್ಪಿಗೆ ಇಲ್ಲ. ಒಂದ್ಸಲ ತೋರಿಸೋದು ಅಭ್ಯಾಸ ಆದ್ರೆ ಹುಡುಗ್ರು ಬರೆಯೋಕೆ ಮುಂಚೆನೇ ಹೆದರ್ತಾರೆ. ಇಲ್ಲಿ 1988ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಹೇಜಲ್‌ವುಡ್ ಕೇಸಲ್ಲಿ ಸ್ಕೂಲ್ ಪರ ತೀರ್ಪು ಕೊಡ್ತು, ಹದಿಹರೆಯದವರ ಗರ್ಭಧಾರಣೆ ಮತ್ತೆ ಪೋಷಕರ ಡೈವೋರ್ಸ್ ಬಗ್ಗೆ ಇದ್ದ ಪುಟಗಳನ್ನ ಪ್ರಿನ್ಸಿಪಾಲ್ ತೆಗೆಸಿದ್ದ ಕೇಸು ಅದು. ಆದ್ರೆ ಕ್ಯಾಲಿಫೋರ್ನಿಯಾದಲ್ಲಿ 1977ರಿಂದಲೇ ವಿದ್ಯಾರ್ಥಿ ಪತ್ರಿಕೆಗೆ ರಾಜ್ಯದ ಕಾನೂನಿನ ರಕ್ಷಣೆ ಇದೆ, 2009ರಿಂದ ಹುಡುಗರ ಪರ ನಿಂತ ಟೀಚರ್‌ಗೂ ತೊಂದ್ರೆ ಕೊಡಂಗಿಲ್ಲ. ಆ ಎರಡನೇದು ಬಂದಿದ್ದು ಯಾಕಂದ್ರೆ ಹುಡುಗ್ರನ್ನ ಮುಟ್ಟೋಕಾಗದೆ ಇದ್ದಾಗ ಒತ್ತಡ ಮೇಷ್ಟ್ರ ಮೇಲೆ ಬೀಳುತ್ತೆ. ನಿಮಗೆ ಆಗ್ತಿರೋದೂ ಅದೇ.

ಈ ಕಾನೂನು ನಿಮಗೆ ಅನ್ವಯ ಆಗಲ್ಲ, ಆದ್ರೆ ಸಾಮಗ್ರಿ ಬಳಸ್ಬಹುದು. 1974ರಲ್ಲಿ ಶುರುವಾದ ಸ್ಟೂಡೆಂಟ್ ಪ್ರೆಸ್ ಲಾ ಸೆಂಟರ್ ಅಂತ ವಿದ್ಯಾರ್ಥಿ ಪತ್ರಿಕೆಗಳಿಗೆ ಕಾನೂನು ಸಹಾಯ ಮಾಡೋ ಸಂಸ್ಥೆ ಇದೆ, ಅವರ ಸೈಟು ನೋಡಿ. ಜರ್ನಲಿಸಂ ಎಜುಕೇಶನ್ ಅಸೋಸಿಯೇಶನ್ ಅಂತ ಟೀಚರ್‌ಗಳದೇ ಸಂಘ ಇದೆ, ಹೊಸಬರ ಜೊತೆ ಅನುಭವಸ್ಥರನ್ನ ಜೋಡಿಸಿಕೊಡೋ ಪದ್ಧತಿ ಅವರದು. ಕರ್ನಾಟಕದಲ್ಲಿ ಮೊದ್ಲು ಬೇಕಾಗಿರೋದು ಅಂಥದ್ದೇ ಅಂತ ನನಗನ್ಸುತ್ತೆ.

ಲ್ಯಾಬ್‌ಜರ್ನಲ್_ಮೇಡಂ

ಸರಿ, ಆದ್ರೆ ಇಲ್ಲಿ ಆ ಕಾನೂನೇ ಇಲ್ವಲ್ಲ. ಗೆಸ್ಟ್ ಲೆಕ್ಚರರ್ ಆಗಿದ್ರಂತೂ ಮುಂದಿನ ವರ್ಷ ಕೆಲಸ ಇರುತ್ತೋ ಇಲ್ವೋ ಅನ್ನೋ ಭಯದಲ್ಲೇ ಇರ್ತಾರೆ. ನಾನು ಹೇಳಿದ್ದು ಮಾಹಿತಿಗೆ ತೋರಿಸಿ ಅಂತ, ಅನುಮತಿಗಲ್ಲ. 'ನಿಮ್ಮ ಪ್ರತಿಕ್ರಿಯೆ ಇದ್ರೆ ನಾಳೆ ಸಂಜೆಯೊಳಗೆ ಕೊಡಿ, ಸುದ್ದಿ ಜೊತೆ ಹಾಕ್ತೀವಿ' ಅಂತ ವಿದ್ಯಾರ್ಥಿ ಸಂಪಾದಕಿಯೇ ಬರೆದು ಕೊಡ್ಲಿ. ಎಷ್ಟೋ ಸಲ ಮೇಲಿನವರು ಟ್ಯಾಂಕ್ ರಿಪೇರಿಗೆ ಹೇಳಿದೀವಿ ಅಂತ ಉತ್ತರ ಕೊಟ್ಟು ಸುಮ್ಮನಾಗ್ತಾರೆ.

ಕನ್ನಡಮೇಷ್ಟ್ರು_ಹಾಸನ

ಎಲ್ರಿಗೂ ತುಂಬಾ ಥ್ಯಾಂಕ್ಸ್. ಪ್ರತಿಕ್ರಿಯೆ ಕೇಳಿ ಪತ್ರ ಬರೆಯೋಕೆ ಹುಡುಗಿಗೆ ಹೇಳ್ತೀನಿ, ನಿಯಮಾವಳಿನೂ ಈ ವಾರವೇ ಶುರು ಮಾಡ್ತೀವಿ. ಮೇಡಂ, ನಿಮ್ಮ ವಿಭಾಗದ ಮಾದರಿ ಇದ್ರೆ ಕಳಿಸ್ತೀರಾ? ಇನ್ನೊಂದು, ಪುಟ ವಿನ್ಯಾಸ ಯಾವುದರಲ್ಲಿ ಮಾಡೋದು?

ಲ್ಯಾಬ್‌ಜರ್ನಲ್_ಮೇಡಂ

ಮೆಸೇಜಲ್ಲಿ ಮೇಲ್ ಐಡಿ ಹಾಕಿ ಸರ್, ಕಳಿಸ್ತೀನಿ. ಟೈಪ್ ಮಾಡೋವಾಗ್ಲೇ ಯೂನಿಕೋಡ್‌ನಲ್ಲಿ ಮಾಡ್ಸಿ. ಹಳೇ ನುಡಿ ಫಾಂಟಲ್ಲಿ ಮಾಡಿದ್ದು ಮೊಬೈಲಲ್ಲಿ ಅಕ್ಷರ ಎಲ್ಲ ಕಲಸಿಹೋಗುತ್ತೆ, ಹುಡುಗ್ರು ವಾಟ್ಸಾಪಲ್ಲಿ ಹಂಚೋಕೂ ಆಗಲ್ಲ. ವಿನ್ಯಾಸಕ್ಕೆ ಸ್ಕ್ರೈಬಸ್ ಅನ್ನೋ ಸಾಫ್ಟ್‌ವೇರ್ ಫ್ರೀ ಸಿಗುತ್ತೆ, ಹೊಸ ಆವೃತ್ತಿಯನ್ನೇ ಹಾಕ್ಕೊಳ್ಳಿ, ಹಳೇದರಲ್ಲಿ ಒತ್ತಕ್ಷರ ಸರಿಯಾಗಿ ಕೂರಲ್ಲ. ಹಳ್ಳಿ ಕಡೆ ಹುಡುಗ್ರು ಜಾಸ್ತಿ ಇದ್ರೆ ಹಳ್ಳಿ ಬದುಕಿನ ವರದಿಗಳಿರೋ 'ಪರಿ' ಜಾಲತಾಣ ಓದ್ಸಿ, ಕನ್ನಡದಲ್ಲೂ ಇದೆ, ವಿದ್ಯಾರ್ಥಿಗಳ ವರದಿಗಳನ್ನೂ ಹಾಕ್ತಾರೆ.