ಹಳೇ ಟರ್ಬೊಪ್ರಾಪ್ ರೂಟುಗಳು: ನಿವೃತ್ತ ಡಿಸ್ಪ್ಯಾಚರ್ ಜೊತೆ ಪ್ರಶ್ನೋತ್ತರ

ಅಡ್ಮಿನ್: ಇವತ್ತು ನಮ್ಮ ಗ್ರೂಪಿನಲ್ಲಿ ಡಿಸ್ಪ್ಯಾಚರ್ ಸರ್ ಇದ್ದಾರೆ. ಹಳೇ ಪ್ರೊಪೆಲ್ಲರ್ ವಿಮಾನ ಆವ್ರೋ ಕಾಲದಿಂದ ಈಚಿನ ಪ್ರೊಪೆಲ್ಲರ್ ವಿಮಾನ ಎಟಿಆರ್ ಕಾಲದವರೆಗೆ ಫ್ಲೈಟ್ ಪ್ಲಾನ್ ಮಾಡಿದವರು. ಸಿಮ್‌ನಲ್ಲಿ (ಕಂಪ್ಯೂಟರಿನ ಫ್ಲೈಟ್ ಸಿಮ್ಯುಲೇಟರ್) ಹಾರಿಸಲು ನಮ್ಮ ಕಡೆಯ ಹಳೇ ರೂಟುಗಳನ್ನು ಹುಡುಕುವುದು ಹೇಗೆ ಅಂತ ಕೇಳಿ. ಒಬ್ಬರಿಗೆ ಒಂದೇ ಪ್ರಶ್ನೆ.

ಬಾನಾಡಿ: ನಮಸ್ಕಾರ ಸರ್. ಸರ್ಕಾರಿ ವಿಮಾನ ಕಂಪನಿ ವಾಯುದೂತ್‌ನ ಸಣ್ಣ ವಿಮಾನ ಡಾರ್ನಿಯರ್ 228 ಹಾರುತ್ತಿದ್ದ ರೂಟುಗಳು ಬೇಕು. ಎಲ್ಲಿಂದ ಶುರು ಮಾಡಲಿ?

ಡಿಸ್ಪ್ಯಾಚರ್: ನಮಸ್ಕಾರ. ಯಾವ ವರ್ಷದ ರೂಟು ಬೇಕು ಅಂತ ಮೊದಲು ಗಟ್ಟಿ ಮಾಡಿಕೊಳ್ಳಿ. ವಾಯುದೂತ್ 1981ರಲ್ಲಿ ಈಶಾನ್ಯ ರಾಜ್ಯಗಳಿಗಾಗಿ ಶುರುವಾಯಿತು, 1993ರಲ್ಲಿ ಇಂಡಿಯನ್ ಏರ್‌ಲೈನ್ಸ್ ಜೊತೆ ಸೇರಿಹೋಯಿತು. ನಡುವೆ ಎಷ್ಟೋ ಊರುಗಳು ಬಂದವು, ಹೋದವು. ಇಂಟರ್ನೆಟ್ಟಿನ ಪಟ್ಟಿಗಳಲ್ಲಿ ಎಲ್ಲಾ ವರ್ಷ ಕಲಸುಮೇಲೋಗರ. ಆ ವರ್ಷದ ಓಎಜಿ ಅಥವಾ ಎಬಿಸಿ ಗೈಡಿನ (ವಿಮಾನಗಳ ವೇಳಾಪಟ್ಟಿ ಪುಸ್ತಕ) ಸ್ಕ್ಯಾನ್ ಹುಡುಕಿ. ಕಂಪನಿ ಕೋಡ್ ಪಿಎಫ್. ಡಿ28 ಅಂದರೆ ಡಾರ್ನಿಯರ್, ಎಚ್ಎಸ್7 ಅಂದರೆ ಆವ್ರೋ. ದಿನಗಳಿಗೆ ಅಂಕಿ ಇರುತ್ತದೆ: 135 ಅಂದರೆ ಸೋಮ, ಬುಧ, ಶುಕ್ರ.

ಇನ್ನೊಂದು ಜಾಗ ಲೋಕಸಭೆಯ ಹಳೇ ಪ್ರಶ್ನೋತ್ತರಗಳು. ಆನ್‌ಲೈನಿನಲ್ಲೇ ಇವೆ, ಯಾರೂ ತೆರೆಯುವುದಿಲ್ಲ. ‘ನಮ್ಮ ಊರಿಗೆ ವಾಯುದೂತ್ ಯಾವಾಗ’ ಅಂತ ಸಂಸದರು ಕೇಳುತ್ತಲೇ ಇದ್ದರು. ಮಂತ್ರಿಗಳ ಉತ್ತರ ‘ಪರಿಶೀಲನೆಯಲ್ಲಿದೆ’ ಅಂತಿದ್ದರೆ ಅದು ರೂಟಲ್ಲ, ಬರೆದುಕೊಳ್ಳಬೇಡಿ.

ಹುಬ್ಳಿ ಹೈದ: ಸರ್, ‘ವಾಯುದೂತ್ ಎಲ್ಲಾ ರೂಟ್ 1986’ ಅಂತ ಪಿಡಿಎಫ್ ಫಾರ್ವರ್ಡ್ ಬಂದಿದೆ. ಮೊದಲನೇದೇ ವಿಒಬಿಎಲ್‌ನಿಂದ ಮೈಸೂರು. ಸರಿ ಇದೆಯಾ?

ಡಿಸ್ಪ್ಯಾಚರ್: ಮೊದಲ ಸಾಲೇ ಸುಳ್ಳು. ವಿಒಬಿಎಲ್ ಅಂದರೆ ದೇವನಹಳ್ಳಿ ವಿಮಾನ ನಿಲ್ದಾಣದ ಕೋಡ್, ಅದು ತೆರೆದಿದ್ದು 2008ರ ಮೇ ತಿಂಗಳಲ್ಲಿ. 1986ರ ಬೆಂಗಳೂರು ಅಂದರೆ ಎಚ್ಎಎಲ್, ವಿಒಬಿಜಿ. ಹೈದರಾಬಾದಿಗೂ ಅಷ್ಟೇ: ಬೇಗಂಪೇಟೆ ಹಾಕಿ, ಶಂಶಾಬಾದ್ ಅಲ್ಲ.

ಮೈಸೂರು ಮಲ್ಲಿಗೆ: ಮೈಸೂರಿಗೆ ವಾಯುದೂತ್ ನಿಜವಾಗಲೂ ಬರುತ್ತಿತ್ತು. ನಮ್ಮಪ್ಪ ಹೋಗಿದ್ದಾರೆ.

ಹುಬ್ಳಿ ಹೈದ: ಸುಮ್ನೆ ಹೇಳಬೇಡಿ. ಅಲ್ಲಿಗೆ ವಿಮಾನ ಬಂದಿದ್ದೇ ಕಿಂಗ್‌ಫಿಷರ್ ಬಂದ ಮೇಲೆ.

ಮೈಸೂರು ಮಲ್ಲಿಗೆ: ನಮ್ಮಪ್ಪ ಸುಳ್ಳು ಹೇಳ್ತಾರಾ?

ಡಿಸ್ಪ್ಯಾಚರ್: ವಾಯುದೂತ್ 80ರ ದಶಕದಲ್ಲಿ, ಕಿಂಗ್‌ಫಿಷರ್ ಎಟಿಆರ್ 2010ರ ಅಕ್ಟೋಬರಿನಿಂದ. ಇಬ್ಬರೂ ಸುಮ್ಮನಿರಿ.

ಅರಬ್ಬಿ: ಕೊಚ್ಚಿ–ಅಗತ್ತಿ ಡಾರ್ನಿಯರ್ ಬಗ್ಗೆ ಏನಾದರೂ ಸಿಗುತ್ತಾ ಸರ್?

ಕುಡ್ಲ 27: ಸರ್, ನನ್ನದು 1981ರ ಮಳೆಗಾಲ, ಇಂಡಿಯನ್ ಏರ್‌ಲೈನ್ಸ್ ಆವ್ರೋ, ಬೆಂಗಳೂರು–ಮಂಗಳೂರು. ಕಷ್ಟದ ಜಾಗ ಅಂತಾರೆ. ನಾನು ರನ್‌ವೇ 24ಕ್ಕೆ ಇಳಿಸುತ್ತೇನೆ, ಅರ್ಧ ರನ್‌ವೇ ಹಾಗೇ ಮಿಕ್ಕುತ್ತದೆ.

ಡಿಸ್ಪ್ಯಾಚರ್: ಮಿಕ್ಕದೇ ಏನು? ನೀವು ಇಳಿಸುತ್ತಿರುವ ರನ್‌ವೇ ಆಗ ಇರಲೇ ಇಲ್ಲ. 24 ಬಳಕೆಗೆ ಬಂದಿದ್ದು 2006ರಲ್ಲಿ, 2,450 ಮೀಟರ್. ಆವ್ರೋ ಕಾಲದಲ್ಲಿ ಇದ್ದಿದ್ದು 09/27 (ಒಂದು ತುದಿ 09, ಇನ್ನೊಂದು 27) ಒಂದೇ, 1,615 ಮೀಟರ್. ಗುಡ್ಡದ ನೆತ್ತಿ ಮಟ್ಟ ಮಾಡಿ ಹಾಸಿದ್ದು. ತುದಿ ದಾಟಿದರೆ ಕಣಿವೆ. ನೀವು ಆರಿಸಿದ ವರ್ಷದಲ್ಲೇ, ಆಗಸ್ಟ್ 19ರಂದು, ವಿಟಿ-ಡಿಎಕ್ಸ್ಎಫ್ ಅನ್ನುವ ಆವ್ರೋ ಒದ್ದೆ ರನ್‌ವೇ ದಾಟಿ ಹೋಯಿತು. ಜನ ಉಳಿದರು, ವಿಮಾನ ಗುಜರಿಗೆ.

ಈಗ ಹೀಗೆ ಮಾಡಿ. 27ಕ್ಕೆ ಬನ್ನಿ, ಮಳೆ ಹಾಕಿ, ಜಿಪಿಎಸ್ ಆಫ್ ಮಾಡಿ. ದಾರಿ ತೋರಿಸುವ ನೆಲದ ರೇಡಿಯೋಗಳಾದ ವಿಒಆರ್, ಎನ್‌ಡಿಬಿ ಸಾಕು. ಘಟ್ಟ ಪೂರ್ತಿ ದಾಟುವ ಮೊದಲು ಇಳಿಯುವ ಆತುರ ಬೇಡ. ಆ ಮೋಡದೊಳಗೆ ಕುದುರೆಮುಖ ಇದೆ, ಆರು ಸಾವಿರ ಅಡಿಗೂ ಎತ್ತರ. ಆವ್ರೋಗೆ ರಿವರ್ಸ್ (ಪ್ರೊಪೆಲ್ಲರ್ ಹಿಂದಕ್ಕೆ ತಳ್ಳುವುದು) ಇಲ್ಲ. ನೆಲ ಮುಟ್ಟಿದ ಮೇಲೆ ಗ್ರೌಂಡ್ ಫೈನ್‌ಗೆ ಹೋದರೆ ಪ್ರೊಪೆಲ್ಲರ್ ಅಲಗುಗಳು ಚಪ್ಪಟೆಯಾಗಿ ಗಾಳಿಗೆ ಅಡ್ಡ ನಿಲ್ಲುತ್ತವೆ. ಉಳಿದಿದ್ದು ಬ್ರೇಕು. ನಿಮ್ಮ ಮಾಡೆಲ್ ರಿವರ್ಸ್ ಕೊಡುತ್ತಿದ್ದರೆ ಅದು ಆವ್ರೋ ಅಲ್ಲ. ಅಂದಹಾಗೆ, ಇಂಧನ ಎಷ್ಟು ಹಾಕುತ್ತೀರಿ?

ಡೆಕ್ಕನ್ ಫ್ಯಾನ್: ವಾಯುದೂತ್ ರೂಟ್ ಎಲ್ಲಿ ಸಿಗುತ್ತೆ ಸರ್?

ಡಿಸ್ಪ್ಯಾಚರ್: ಮೇಲೆ ಬರೆದಿದ್ದೇನೆ.

ಡೆಕ್ಕನ್ ಫ್ಯಾನ್: ಸರಿ, ಏರ್ ಡೆಕ್ಕನ್?

ಡಿಸ್ಪ್ಯಾಚರ್: ಕೋಡ್ ಡಿಎನ್. 2003ರಿಂದ ನೋಡಿ. 2008ರಲ್ಲಿ ಕಿಂಗ್‌ಫಿಷರ್ ರೆಡ್ ಆಯಿತು, ಆಮೇಲಿನ ಕೋಡ್ ಐಟಿ. ಹಳೇ ವೆಬ್ ಪುಟಗಳನ್ನು ಉಳಿಸಿಡುವ ವೇಬ್ಯಾಕ್ ಮಷೀನಿನಲ್ಲಿ ಕಂಪನಿಯ ಹಳೇ ಪುಟ ತೆರೆಯಿರಿ. ಟಿಕೆಟ್ ಪುಟ ಬಿಡಿ, ವೇಳಾಪಟ್ಟಿ ಮತ್ತು ಮ್ಯಾಪ್ ನೋಡಿ.

ಶುದ್ಧ ಅನಲಾಗ್: ಡೆಕ್ಕನ್ ಶುರು ಮಾಡಿದ್ದು ಎಟಿಆರ್ 42-320ರಿಂದ, ಮುಳ್ಳಿನ ಮೀಟರುಗಳದ್ದು. ಪರದೆಗಳಿರುವ ಹೊಸ ಎಟಿಆರ್ 600 ಹಾರಿಸಿ ‘ಹಳೇ ರೂಟು’ ಅನ್ನುವವರನ್ನು ಕಂಡರೆ ನಗು ಬರುತ್ತದೆ.

ಡೆಕ್ಕನ್ ಫ್ಯಾನ್: ನನ್ನ ಸಿಮ್‌ನಲ್ಲಿ ಇರೋದೇ ಅದು. ನೀವು ಕೊಡಿಸ್ತೀರಾ?

ಶುದ್ಧ ಅನಲಾಗ್: ಮೊನ್ನೆ ಒಬ್ಬರು ಟ್ರೂಜೆಟ್ ಕಂಪನಿಯ ಬೀದರ್ ರೂಟು ಕೂಡ ಚರಿತ್ರೆ ಅಂದರು. ಅದು 2020ರದು ಮಾರಾಯ್ರೆ.

ಬೀದರ್ ಬಂಧು: ಅಂದವನು ನಾನೇ. ಆ ವಿಮಾನ ಈಗ ಹಾರುತ್ತಿಲ್ಲ ಅಲ್ವಾ? ನಿಮ್ಮ ಅಪ್ಪಣೆ ಬೇಕಿತ್ತಾ?

ಅಡ್ಮಿನ್: ದಯವಿಟ್ಟು ವೈಯಕ್ತಿಕ ಬೇಡ.

ಹುಬ್ಳಿ ಹೈದ: ಸರ್, ಇನ್ನೊಂದು ಫಾರ್ವರ್ಡ್. ಜಿಪ್ ಫೈಲ್, ಒಳಗೆ ಇಎಕ್ಸ್ಇ (ಒತ್ತಿದರೆ ಓಡುವ ಪ್ರೋಗ್ರಾಂ). ಒತ್ತಿದರೆ ಎಲ್ಲಾ ಹಳೇ ರೂಟು ತಾನಾಗೇ ಸಿಮ್‌ಗೆ ಬರುತ್ತಂತೆ.

ಡಿಸ್ಪ್ಯಾಚರ್: ಒತ್ತಬೇಡಿ. ರೂಟಿನ ಪಟ್ಟಿ ಅಂದರೆ ಬರೀ ಅಕ್ಷರ, ಅದಕ್ಕೆ ಇಎಕ್ಸ್ಇ ಯಾಕೆ ಬೇಕು? ಇದನ್ನು ಹಂಚಿದವರನ್ನೇ ಮೊದಲು ಒತ್ತಲು ಹೇಳಿ.

ಹುಬ್ಳಿ ಹೈದ: ಕೇಳಿದ್ದಕ್ಕೆ ಬೈತೀರಲ್ಲ ಸರ್.

ಅರಬ್ಬಿ: ಅಗತ್ತಿ ಸರ್?

ಬಾನಾಡಿ: ಡಾರ್ನಿಯರ್‌ಗೆ ಎಷ್ಟು ಅಡಿ ಎತ್ತರ ಹಾಕಲಿ?

ಡಿಸ್ಪ್ಯಾಚರ್: ಕ್ಯಾಬಿನ್‌ನಲ್ಲಿ ಒತ್ತಡದ ವ್ಯವಸ್ಥೆ ಇಲ್ಲ. ಹತ್ತು ಸಾವಿರದೊಳಗೆ ಇರಿ.

ಕುಡ್ಲ 27: ಇಂಧನ ಯಾವಾಗಲೂ ಫುಲ್ ಟ್ಯಾಂಕ್ ಸರ್.

ಡಿಸ್ಪ್ಯಾಚರ್: ಅಲ್ಲೇ ಎಡವಟ್ಟು. ಫುಲ್ ಟ್ಯಾಂಕ್ ಅಂದರೆ ಭಾರ ಜಾಸ್ತಿ, ಇಳಿಯುವ ವೇಗವೂ ಜಾಸ್ತಿ. ಒದ್ದೆಯಲ್ಲಿ 1,615 ಮೀಟರ್ ಸಾಲದೇ ಹೋಗಬಹುದು. ಹಾಗಂತ ಕಮ್ಮಿಯೂ ಆಗಬಾರದು. ಮಂಗಳೂರಿನಲ್ಲಿ ಮೋಡ ಬಿಡದಿದ್ದರೆ ಬೆಂಗಳೂರಿಗೆ ವಾಪಸ್ ಬರುವಷ್ಟು, ಅದರ ಮೇಲೆ ಅರ್ಧ ಗಂಟೆ ಸುತ್ತಾಡುವಷ್ಟು ಇರಬೇಕು. ಲೆಕ್ಕ ಹಾಕಿ ಇಲ್ಲೇ ಬರೆಯಿರಿ, ನೋಡುತ್ತೇನೆ. ಉಳಿದವರು ಆ ಪಿಡಿಎಫ್ ಇನ್ನೊಮ್ಮೆ ಹಾಕಿದರೆ ನಾನು ಗ್ರೂಪ್ ಬಿಡುತ್ತೇನೆ.