ಪಾಲಿಅನಿಲಿನ್ ನ್ಯಾನೋನಾರು ಬರ್ತಾನೇ ಇಲ್ಲ, ಬರೀ ಗಂಟು!

ಹಸಿರುಬೀಕರ್:
ಕರೆಂಟ್ ಹರಿಸೋ ಪ್ಲಾಸ್ಟಿಕ್ ಪಾಲಿಅನಿಲಿನ್‌ನ ಸಣ್ಣ ನಾರು ಮಾಡೋಕೆ ಮೂರು ವಾರದಿಂದ ಒದ್ದಾಡ್ತಿದ್ದೀನಿ. ಅನಿಲಿನ್, ಅದನ್ನ ಪಾಲಿಮರ್ ಮಾಡೋ ಆಕ್ಸಿಡೆಂಟ್ ಅಮೋನಿಯಂ ಪರ್‌ಸಲ್ಫೇಟ್, 1 ಮೋಲಾರ್ ಹೈಡ್ರೋಕ್ಲೋರಿಕ್ ಆಮ್ಲ (ಎಚ್‌ಸಿಎಲ್), ಎಲ್ಲ ಪೇಪರ್‌ನಲ್ಲಿದ್ದ ಹಾಗೇ. ಎಲೆಕ್ಟ್ರಾನ್ ಮೈಕ್ರೋಸ್ಕೋಪ್‌ನಲ್ಲಿ (ಎಸ್‌ಇಎಂ) ನೋಡಿದ್ರೆ ನಾರಿಲ್ಲ, ಹೂಕೋಸು. ಗ್ಯಾಸ್ ಸೆನ್ಸರ್‌ಗೆ ಇದನ್ನ ಹೇಗೆ ಹಚ್ಚಲಿ?

ವೈರ್‌ಮಾಮ:
ಅನಿಲಿನ್ ಬಣ್ಣ ಏನು? ಕಂದು ತಿರುಗಿದ್ರೆ ಕಥೆ ಅಲ್ಲೇ ಮುಗೀತು. ಡಿಸ್ಟಿಲ್ ಮಾಡಿ.

ಹಸಿರುಬೀಕರ್:
ಮಾಡಿದ್ದೀನಿ ಸಾರ್. ನೀರಿನ ಹಾಗಿದೆ.

ವೈರ್‌ಮಾಮ:
ಇನ್ನೊಂದ್ಸಲ ಮಾಡಿ. ಚಿಟಿಕೆ ಜಿಂಕ್ ಪುಡಿ ಹಾಕಿ, ವ್ಯಾಕ್ಯೂಮ್‌ನಲ್ಲಿ. ಕತ್ತಲಲ್ಲಿಡಿ.

ಕಾರ್ಬನ್‌ಕಪ್ಪು:
ಈ ಗೋಳು ಯಾಕೆ, ಕರೆಂಟ್ ಹರಿಸೋ ಇನ್ನೊಂದು ಪಾಲಿಮರ್ ಇದೆಯಲ್ಲ, ಪೆಡಾಟ್, ಅದನ್ನ ತಗೊಳ್ಳಿ. ನಾವು ಗಾಳಿ, ತೇವ ಸೋಕದ ಗ್ಲೋವ್‌ಬಾಕ್ಸ್ ಒಳಗೇ, ತಿರುಗಿಸಿ ಫಿಲ್ಮ್ ಹರಡೋ ಸ್ಪಿನ್‌ಕೋಟರ್ ಇಟ್ಕೊಂಡಿದ್ದೀವಿ, ಅರ್ಧ ಗಂಟೇಲಿ ಫಿಲ್ಮ್ ರೆಡಿ.

ವೈರ್‌ಮಾಮ:
ನೀರಲ್ಲಿ ಕರಗಿರೋ ಪೆಡಾಟ್‌ಗೆ ಗ್ಲೋವ್‌ಬಾಕ್ಸ್! ದುಡ್ಡು ಜಾಸ್ತಿ ಆಗಿದೆ ನಿಮ್ಗೆ.

ಕಾರ್ಬನ್‌ಕಪ್ಪು:
ಬೇರೆ ಕೆಲಸಕ್ಕೂ ಬೇಕು ಸಾರ್ ಅದು. ನೋಡದೇ ಮಾತಾಡ್ಬೇಡಿ.

ತಣ್ಣೀರು:
ಬೀಕರ್ ಅವ್ರೇ, ಪರ್‌ಸಲ್ಫೇಟ್ ಹೇಗೆ ಹಾಕ್ತೀರಿ? ಸ್ಟರರ್ ಓಡ್ತಿರುತ್ತಾ?

ಹಸಿರುಬೀಕರ್:
ಹನಿಹನಿಯಾಗಿ. ಸ್ಟರರ್ ರಾತ್ರಿಯಿಡೀ. ಅದನ್ನೂ ಬರೀಬೇಕಿತ್ತಾ? ಎಲ್ಲರೂ ಹಾಗೇ ಅಲ್ವಾ?

ತಣ್ಣೀರು:
ಅದೇ ನೋಡಿ. ಮುದ್ದೆ ತಿರುವದಿದ್ರೆ ಗಂಟು, ಇದು ತಿರುವಿದ್ರೆ ಗಂಟು. ಪಾಲಿಅನಿಲಿನ್ ಮೊದಲು ಹುಟ್ಟೋದೇ ನಾರಾಗಿ. ಆಮೇಲೂ ಆಕ್ಸಿಡೆಂಟ್ ಹನೀತಾ ಇದ್ರೆ ಹೊಸ ಪಾಲಿಮರ್ ಹಳೇ ನಾರಿನ ಮೇಲೇ ಕೂತು ಊದ್ಕೊಳ್ಳುತ್ತೆ, ಕಲಕಿದ್ರೆ ಒಂದಕ್ಕೊಂದು ಅಂಟುತ್ತೆ. ಅಮೆರಿಕದ ಯುಸಿಎಲ್‌ಎ ವಿಶ್ವವಿದ್ಯಾಲಯದ ರಿಚರ್ಡ್ ಕೇನರ್ ಗುಂಪು 2004ರಲ್ಲೇ ಹೇಳಿದ್ದು: 10 ಮಿಲಿ ಆಮ್ಲದಲ್ಲಿ 0.3 ಮಿಲಿ ಅನಿಲಿನ್, ಇನ್ನೊಂದು 10 ಮಿಲಿಯಲ್ಲಿ 0.18 ಗ್ರಾಂ ಪರ್‌ಸಲ್ಫೇಟ್. ಎರಡನ್ನೂ ಒಂದೇ ಸಲ ಸುರಿದು, ಚೆನ್ನಾಗಿ ಕುಲುಕಿ, ಆಮೇಲೆ ಮುಟ್ಟಬೇಡಿ. ಎಚ್‌ಸಿಎಲ್‌ನಲ್ಲಿ 30 ನ್ಯಾನೋಮೀಟರ್ ಆಸುಪಾಸಿನ ನಾರು ಸಿಗಬೇಕು.

ಹಸಿರುಬೀಕರ್ (ನಾಲ್ಕು ದಿನದ ಮೇಲೆ):
ನಾರು ಬಂತು!! ಆದ್ರೆ ಫಿಲ್ಮ್‌ನಲ್ಲಿ ಕರೆಂಟೇ ಹರೀತಿಲ್ಲ. ಮಲ್ಟಿಮೀಟರ್ ಓಎಲ್, ಅಂದ್ರೆ ಅಳತೆ ಮೀರಿದ ರೆಸಿಸ್ಟೆನ್ಸ್, ತೋರಿಸ್ತಿದೆ.

ಕಾರ್ಬನ್‌ಕಪ್ಪು:
ಮಲ್ಟಿಮೀಟರ್ನಲ್ಲಿ ಅಳೆಯೋದಾ? ನಾಲ್ಕು ಮೊನೆಯಿಟ್ಟು ನಿಖರವಾಗಿ ಅಳೆಯೋ ಫೋರ್‌ಪ್ರೋಬ್ ಇಲ್ವಾ ನಿಮ್ಮಲ್ಲಿ?

ತಣ್ಣೀರು:
ಓಎಲ್ ಬರೋವಾಗ ಫೋರ್‌ಪ್ರೋಬ್ ತಗೊಂಡು ಏನ್ ಮಾಡ್ತೀರಿ. ಬೀಕರ್ ಅವ್ರೇ, ಫಿಲ್ಮ್ ಬಣ್ಣ?

ಹಸಿರುಬೀಕರ್:
ನೀಲಿ. ಕ್ಲೀನಾಗ್ಲಿ ಅಂತ ಕೊನೇಲಿ ಅಮೋನಿಯಾ ನೀರಲ್ಲೂ ತೊಳೆದೆ.

ತಣ್ಣೀರು:
ತೊಳೆದಿದ್ದು ಕೊಳೇನಲ್ಲ, ಡೋಪಿಂಗ್, ಅಂದ್ರೆ ಕರೆಂಟ್ ಹರಿಸೋಕೆ ನಾರಲ್ಲಿ ಸೇರ್ಕೊಂಡಿದ್ದ ಆಮ್ಲ. ಹಸಿರಿದ್ರೆ ಎಮರಾಲ್ಡಿನ್ ಸಾಲ್ಟ್, ಕರೆಂಟ್ ಹರಿಯುತ್ತೆ. ನೀಲಿ ಅಂದ್ರೆ ಆಮ್ಲ ಕಳ್ಕೊಂಡ ಎಮರಾಲ್ಡಿನ್ ಬೇಸ್, ಹರಿಯಲ್ಲ. ಫ್ಯೂಮ್‌ಹುಡ್‌ನಲ್ಲಿ ಎಚ್‌ಸಿಎಲ್ ಹಬೆಗೆ ಹಿಡೀರಿ, ಕಣ್ಣೆದುರೇ ಹಸಿರಾಗುತ್ತೆ. ಮುಂದಿನ ಸಲ ತೆಳು ಆಮ್ಲದಲ್ಲೇ ತೊಳೀರಿ.

ವೈರ್‌ಮಾಮ:
ನಾರು ಬಂತಲ್ಲ. ಡಿಸ್ಟಿಲ್ ಮಾಡಿ ಅಂತ ನಾನು ಮೊದಲೇ ಹೇಳಿದ್ದೆ.

ಹೊಸಬ7:
ನಂದೂ ಇದೇ ಸಮಸ್ಯೆ, ಆದ್ರೆ ನಾರು ಬಂದು ಎರಡೇ ದಿನಕ್ಕೆ ತಳ ಹಿಡೀತಿದೆ. ಬೀಕರ್ ಅವ್ರೇ, ನಿಮ್ದು ನೀರಲ್ಲಿ ತೇಲ್ತಾ ಇದ್ಯಾ? ಯಾರಾದ್ರೂ ಇದ್ದೀರಾ?